ತೊದಲುಗುಡ್ಡದ ನಾಲ್ಕು ಕಲ್ಲು

ಸೀಗೆಹಾಳಿನ ಕೆರೆಯ ಏರಿಯ ಮೇಲೆ ನಿಂತು ಮೂಡಲಿಗೆ ನೋಡಿದರೆ ಬೋಳು ಗುಡ್ಡವೊಂದು ಕಾಣುತ್ತದೆ. ಗುಡಿಯಿಲ್ಲ, ಕೋಟೆಯಿಲ್ಲ. ಬುಡದಿಂದ ನೆತ್ತಿಯವರೆಗಿನ ಕಾಲುದಾರಿಯಲ್ಲಿ ನಾಲ್ಕು ಚಪ್ಪಟೆ ಕಲ್ಲುಗಳಿವೆ. ಪ್ರತಿಯೊಂದರಲ್ಲೂ ಇಬ್ಬರು ಒತ್ತಿಕೊಂಡು ಕೂರುವಷ್ಟು ನುಣುಪಾದ ತಗ್ಗು. ಇದನ್ನು ತೊದಲುಗುಡ್ಡ ಎನ್ನುತ್ತಾರೆ. ಹೊಸಬರು ಹೆಸರು ಕೇಳಿ ನಗುತ್ತಾರೆ. ನಗಲಿ ಬಿಡಿ, ನಕ್ಕರೆ ಗುಡ್ಡವೇನೂ ಸವೆಯುವುದಿಲ್ಲ.

ಹಿಂದೆ ಒಮ್ಮೆ, ಈ ಸೀಮೆಗೆ ಬರವಣಿಗೆಯೇ ಬಾರದ ಕಾಲದಲ್ಲಿ, ಕೆರೆಯ ನೀರಿನ ಹಂಚಿಕೆಯೆಲ್ಲ ಒಂದು ಹಾಡಿನಲ್ಲಿತ್ತಂತೆ. ಮೊದಲ ಗುದ್ದಲಿ ಹಾಕಿದವರು ಯಾರು, ಏರಿಗೆ ಮಣ್ಣು ಹೊತ್ತವರು ಯಾರು, ಮೇಲಿನೂರಾದ ಮೇಗಲಹಟ್ಟಿಗೆ ಎಷ್ಟು ಹಗಲು ನೀರು, ಸೀಗೆಹಾಳಿಗೆ ಎಷ್ಟು, ಎಲ್ಲವೂ ಅದರಲ್ಲೇ. ಕೆರೆ ಕೋಡಿ ಬಿದ್ದ ದಿನ ಎರಡೂ ಊರಿನವರು ತೂಬಿನ ಬಳಿ ಸೇರಬೇಕು, ಸೀಗೆಹಾಳಿನ ಪದಗಾರ ಅದನ್ನು ಪೂರ್ತಿ ಹಾಡಬೇಕು. ಹೊತ್ತು ಮುಳುಗುವುದರೊಳಗೆ ಮುಗಿಯದಿದ್ದರೆ ಆ ವರ್ಷದ ನೀರೆಲ್ಲ ಮೇಗಲಹಟ್ಟಿಗೆ. ಪದಗಾರ ಬದುಕಿರುವ ತನಕ ಬೇರೆಯವರು ಹಾಡುವಂತಿಲ್ಲ. ಅವನ ಊರಿನವರು ಒಂದು ಮಾತು ಎತ್ತಿಕೊಟ್ಟರೂ ಹಾಡು ಸುಳ್ಳಾಗುತ್ತಿತ್ತು.

ಅಂಥ ಪದಗಾರ ಭರಮಣ್ಣನಿಗೆ ಒಂದು ಮಾಗಿಯ ಬೆಳಗ್ಗೆ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಊರು ಕೈಚೆಲ್ಲಿ ಕೂತಿತು. ಅವನ ಹೆಂಡತಿ ಸೂರಮ್ಮನಿಗೆ ಮಾತ್ರ ಹಾಡು ಪೂರ್ತಿ ಬರುತ್ತಿತ್ತು. ಯಾರೂ ಕಲಿಸಿದ್ದಲ್ಲ, ನಲವತ್ತು ವರ್ಷ ರಾಗಿ ಬೀಸುತ್ತ ಕೇಳಿದ್ದು. "ಹಾಡು ನಿಮ್ಮೊಳಗೇ ಐತೆ, ದಾರಿ ತಪ್ಪೈತೆ ಅಷ್ಟೆ. ಏಳ್ರಿ," ಎಂದು ಅವನನ್ನು ತೋಳು ಹಿಡಿದು ಗುಡ್ಡಕ್ಕೆ ಕರೆದೊಯ್ದಳು. ಮೊದಲ ಕಲ್ಲಿನ ಮೇಲೆ ಬರೀ ದನಿ. ಮಂಜಿನಲ್ಲಿ ಇಬ್ಬರೂ ತುಟಿ ಮುಚ್ಚಿ ಮ್ಮ್ ಎಂದು ಗುನುಗುತ್ತಿದ್ದರೆ ಗುಡ್ಡವೇ ನಿದ್ದೆಯಲ್ಲಿ ಗುನುಗಿದಂತೆ ಕೇಳುತ್ತಿತ್ತಂತೆ. ಗುನುಗು ಬಾಯ್ತೆರೆದು ಮಾ ಆಗಲು ತಿಂಗಳು ಬೇಕಾಯಿತು. ಎರಡನೆಯ ಕಲ್ಲಿನ ಮೇಲೆ ದನಿಗೆ ದನಿ ಕೂಡಿ ನೀರು, ಕಲ್ಲು, ಮಣ್ಣು ಎಂಬ ಮಾತುಗಳಾದವು. ಮೂರನೆಯದರಲ್ಲಿ ಮಾತುಗಳು ಸಾಲಾಗಿ ನಿಲ್ಲಲು ಒಪ್ಪಲಿಲ್ಲ. "ಕೆರೆ ಊರನ್ನು ಅಗೆಯಿತು," ಎಂದ ಭರಮಣ್ಣ. "ಅಯ್ಯೋ ಶಿವನೇ, ಹಂಗಾದ್ರೆ ನಾವೆಲ್ಲಿ ಮಲಗಾನ?" ಎಂದು ಸೂರಮ್ಮ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನೆತ್ತಿಯ ಕಲ್ಲಿನ ಮೇಲೆ ಯಾವ ಸಾಲಿನ ಹಿಂದೆ ಯಾವ ಸಾಲು ಎಂಬುದನ್ನು ಇಬ್ಬರೂ ಬೆರಳು ಮಡಿಚಿ ಜೋಡಿಸಿದರು. ಅಷ್ಟರಲ್ಲಿ ಮುಂಗಾರು ಬಂದು ಕೆರೆ ಕೋಡಿ ಬಿತ್ತು.

ಹೊತ್ತು ಮೂಡಿದಾಗ ಭರಮಣ್ಣ ತೂಬಿನ ಬಳಿ ನಿಂತು ಮೊದಲ ದನಿ ತೆಗೆದ. ಒಂದೊಂದು ಮಾತೂ ಕೆಸರಿನಿಂದ ಕಾಲು ಕಿತ್ತಂತೆ ಬರುತ್ತಿತ್ತು. ಎದುರಿಗೆ ಕೂತಿದ್ದ ಮೇಗಲಹಟ್ಟಿಯ ಗೌಡ ಪಾಲನಾಯಕ ಮೊದಮೊದಲು ಮೀಸೆಯಡಿ ನಕ್ಕ. ಮಧ್ಯಾಹ್ನ ತಿರುಗುವಾಗ ನಗು ಹೋಗಿ, ಭರಮಣ್ಣನ ಜೊತೆಗೆ ಅವನ ತುಟಿಯೂ ಅಲುಗಾಡತೊಡಗಿತ್ತು. ಹೊತ್ತು ಮುಳುಗಲು ಗೇಣುದ್ದ ಉಳಿದಿದ್ದಾಗ ಕೊನೆಯ ಸಾಲು ಬಂತು: ಎರಡು ಹಗಲು ಮೇಗಲಹಟ್ಟಿಗೆ, ಮೂರನೆಯ ಹಗಲು… "ಸೀ… ಸೀ…" ಅಲ್ಲಿಗೆ ನಿಂತಿತು. ಸೂರಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಆ ಒಂದು ಮಾತು ಅವಳ ನಾಲಗೆಯ ತುದಿಯಲ್ಲಿತ್ತು. ಆಡಿದರೆ ಊರಿನ ನೀರು ಹೋಯಿತು, ಆಡದಿದ್ದರೂ ಹೋಯಿತು.

"ಸೀಗೆಹಾಳಿಗೆ ಅನ್ನಯ್ಯಾ, ಸೀಗೆಹಾಳಿಗೆ!" ಎಂದು ಕೂಗಿಬಿಟ್ಟ ಪಾಲನಾಯಕ.

"ಸೀಗೆಹಾಳಿಗೆ," ಎಂದ ಭರಮಣ್ಣ, ಎಂದೂ ಎಡವದವನ ಹಾಗೆ. ಮೇಗಲಹಟ್ಟಿಯವರು ತಮ್ಮ ಗೌಡನನ್ನು ನುಂಗುವಂತೆ ನೋಡಿದರು. ಅವನೋ ಬೆವರೊರೆಸಿಕೊಳ್ಳುತ್ತ, "ಅರ್ಧ ಮಾತು ನನ್ನ ಗಂಟಲಾಗೇ ಸಿಕ್ಕಂಡಿತ್ತು ಕಣ್ರಲೇ, ಉಸುರು ಕಟ್ಟಿತ್ತು. ನೀರು ಹೋದ್ರೆ ಹೋತು," ಎಂದನಂತೆ.

ಗುಡ್ಡದ ಕಲ್ಲುಗಳಲ್ಲಿ ಎಲ್ಲಕ್ಕಿಂತ ಆಳವಾಗಿ ಸವೆದಿರುವುದು ಮೊದಲನೆಯದು. ಹೋದವರು ಈಗಲೂ ನೋಡಬಹುದು. ಮಾತು ತಡವಾದ ಮಕ್ಕಳನ್ನು ತಾಯಂದಿರು ಅದರ ಮೇಲೆ ಕೂರಿಸಿ ತಾವೂ ಪಕ್ಕದಲ್ಲಿ ಕೂತು ಗುನುಗುತ್ತಾರೆ. ಕೋಡಿ ಬಿದ್ದ ದಿನ ಹಾಡು ಇಂದಿಗೂ ನಡೆಯುತ್ತದೆ. ಕೊನೆಯ ಮಾತಿಗೆ ಬಂದಾಗ ಸೀಗೆಹಾಳಿನವರು ಬೇಕೆಂದೇ ಸುಮ್ಮನಾಗುತ್ತಾರೆ. ಅದನ್ನು ಮೇಗಲಹಟ್ಟಿಯವರು ಹೇಳಿದ ಮೇಲೆಯೇ ತೂಬು ಎತ್ತುವುದು.