ವರ್ತಕನ ತಮ್ಮ ವೇದಿಕೆ ಹತ್ತಿದ್ದು

"ತಪ್ಪೇ ಇಲ್ಲದ ಹಾಗೆ ಕೆಲಸ ಮಾಡುವವನನ್ನು ಜನ ಎರಡನೇ ಸಲ ಯಾಕೆ ಕರೆಯುವುದಿಲ್ಲ, ಗುರುಗಳೇ?"

ಇದನ್ನು ಕೇಳಿದವನು ನಾನು. ತಪ್ಪೇ ಇಲ್ಲ ಅಂದದ್ದನ್ನು ನೀವು ನಂಬುವುದಿಲ್ಲ, ಗೊತ್ತು. ನಂಬಬೇಡಿ. ನಮ್ಮ ತಾಲ್ಲೂಕಿನ ಯಾವ ಕಲ್ಯಾಣ ಮಂಟಪಕ್ಕಾದರೂ ಹೋಗಿ ವಿಚಾರಿಸಿ. ಈ ಓಂಕಾರ ಏರ್ಪಾಡು ಮಾಡಿದ ಒಂದೇ ಒಂದು ಸಭೆ ತಡವಾಗಿ ಶುರುವಾಯಿತು ಅಂತ ಯಾರಾದರೂ ಅಂದರೆ ನನ್ನ ಮೀಸೆ ಬೋಳಿಸಿ ಕಳಿಸಿ.

ಬಸ್ಸು ಹೋಗದ ಊರಿನಲ್ಲಿ ಹುಟ್ಟಿದವನು ನಾನು. ಇವತ್ತು ಕೋಟು ಹಾಕುವ ದೊಡ್ಡವರು ಸಮ್ಮೇಳನ ಮಾಡಿಸಬೇಕಾದರೆ ನನಗೇ ಫೋನು ಮಾಡುತ್ತಾರೆ. ನನ್ನ ಸಭೆಯಲ್ಲಿ ಮೈಕು ಕಿರುಗುಟ್ಟುವುದಿಲ್ಲ. ದೀಪ ಬೆಳಗುವ ಹೊತ್ತಿಗೆ ಬೆಂಕಿಪೊಟ್ಟಣ ಹುಡುಕಾಡುವುದಿಲ್ಲ. ಊಟಕ್ಕೆ ನೂಕುನುಗ್ಗಲಿಲ್ಲ. ಎಲ್ಲ ಮುಗಿದ ಮೇಲೆ ಕೈ ಕುಲುಕಿ ಹೋಗುತ್ತಾರೆ. ಆಮೇಲೆ ಫೋನು ಬರುವುದಿಲ್ಲ. ಮುಂದಿನ ವರ್ಷ ಅದೇ ಸಮ್ಮೇಳನವನ್ನು ಇನ್ಯಾರೋ, ಕುರ್ಚಿ ಸಾಲು ನೆಟ್ಟಗೆ ಹಾಕಲು ಬಾರದವನು, ಮಾಡಿಸುತ್ತಾನೆ. ಖಾಲಿ ಸಭಾಂಗಣದಲ್ಲಿ ಒಬ್ಬನೇ ನಿಂತು, ಬಾಗಿಲು ಹಾಕಿಸಿ ಹೊರಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಈ ವರ್ಷವೂ ಹೀಗೇ ಆದರೆ ನನ್ನ ಬೋರ್ಡು ಇಳಿಸುವುದೊಂದೇ ಬಾಕಿ.

ಅದಕ್ಕೇ ಪುಟ್ಟಬಸವಯ್ಯನವರ ಹತ್ತಿರ ಹೋದೆ. ನನಗೆ ಈ ಕೆಲಸ ಕಲಿಸಿದವರು ಅವರು. ಈಗ ಕೆಲಸ ಬಿಟ್ಟಿದ್ದಾರೆ. ಶಾಮಿಯಾನ ಮಡಿಸಿಟ್ಟ ಶೆಡ್ಡಿನಲ್ಲಿ ಒಬ್ಬರೇ ಇರುತ್ತಾರೆ.

"ಕೂತ್ಕೊಳ್ಳೋ," ಅಂದರು. "ನೀನು ನಿನ್ನನ್ನೇ ಹೊಗಳಿಕೊಳ್ಳೋದನ್ನ ನಿಂತುಕೊಂಡು ಕೇಳೋಕೆ ನನ್ನ ಮಂಡಿ ಒಪ್ಪಲ್ಲ."

ಕೂತೆ. ಅವರು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಅವನಿಗೊಬ್ಬ ತಮ್ಮನಿದ್ದ. ಅಂಗಡಿ ಪಾಲಾದ ದಿನದಿಂದ ಇಬ್ಬರಿಗೂ ಮಾತಿರಲಿಲ್ಲ. ವರ್ತಕನಿಗೆ ಅರವತ್ತು ತುಂಬಿತು. ಅವನು ಒಬ್ಬ ಏರ್ಪಾಡುಗಾರನನ್ನು ಕರೆಸಿದ.

"ನನಗೆ ಹಾರ, ಶಾಲು ಯಾವುದೂ ಬೇಡ," ಅಂದ ವರ್ತಕ. "ಈ ನೆಪದಲ್ಲಿ ತಮ್ಮನ ಜೊತೆ ಎರಡು ಮಾತಾಡಬೇಕು. ಅವನು ಬಂದರೆ ಸಾಕು."

"ಅದು ನನ್ನ ಮೇಲೆ ಬಿಡಿ ಯಜಮಾನ್ರೆ," ಅಂದ ಏರ್ಪಾಡುಗಾರ.

ಅವನು ಮಾತಿಗೆ ತಪ್ಪುವವನಲ್ಲ. ತಾನೇ ಹೋಗಿ ತಮ್ಮನನ್ನು ಆಹ್ವಾನಿಸಿದ. ಬೆಳಿಗ್ಗೆ ಕಾರು ಕಳಿಸಿದ. ತಮ್ಮ ಬಂದ. ಅವನನ್ನು ಗಣ್ಯರ ನಡುವೆ, ಮೊದಲ ಸಾಲಿನಲ್ಲಿ ಕೂರಿಸಿದ. ಅಣ್ಣ ವೇದಿಕೆಯ ಮೇಲೆ ಕೂತಿದ್ದ. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು. ಒಬ್ಬರ ಹಿಂದೆ ಒಬ್ಬರು ಭಾಷಣ ಮಾಡಿದರು. ಅಣ್ಣ ತಮ್ಮನನ್ನು ನೋಡಿದ. ತಮ್ಮ ಅಣ್ಣನನ್ನು ನೋಡಿದ. ಇಬ್ಬರ ನಡುವೆ ಮೈಕು ಮಾತಾಡುತ್ತಲೇ ಇತ್ತು.

ಆಮೇಲೆ ಶುಭ ಹಾರೈಸುವವರ ಸಾಲು ವೇದಿಕೆ ಹತ್ತಿತು. ಬರುವುದು, ಹಾರ ಹಾಕುವುದು, ಫೋಟೋಕ್ಕೆ ನಿಲ್ಲುವುದು, ಇಳಿಯುವುದು. ತಮ್ಮನ ಸರದಿ ಬಂತು. ಅವನ ಕೈಯಲ್ಲಿ ಹಾರವಿರಲಿಲ್ಲ. ಅಣ್ಣನ ಎರಡೂ ಕೈ ಹಿಡಿದುಕೊಂಡ.

"ಅಣ್ಣಯ್ಯ, ಅವತ್ತು ನಾನು..."

"ಯಜಮಾನ್ರೆ, ಕ್ಯಾಮೆರಾ ಕಡೆ ನೋಡಿ," ಅಂದ ಏರ್ಪಾಡುಗಾರ. "ಸ್ವಲ್ಪ ನಗಿ. ಹ್ಞಾಂ, ಆಯ್ತು. ಹಿಂದೆ ಜನ ನಿಂತಿದ್ದಾರೆ, ಈ ಕಡೆಯಿಂದ ಇಳೀರಿ. ನಿಮಗೆ ಮೊದಲನೇ ಪಂಕ್ತೀಲೇ ಎಲೆ ಹಾಕ್ಸಿದೀನಿ."

ತಮ್ಮ ಅಣ್ಣನ ಮುಖ ನೋಡಿದ. ಅಣ್ಣ ಏನೋ ಹೇಳಲು ಹೊರಟ. ಅಷ್ಟರಲ್ಲಿ ಮುಂದಿನವರು ಹಾರ ಎತ್ತಿದ್ದರು. ತಮ್ಮ ಇಳಿದ. ಅಣ್ಣ ಊಟದ ಮನೆಗೆ ಬರುವಷ್ಟರಲ್ಲಿ ಮೊದಲನೇ ಪಂಕ್ತಿಯ ಎಲೆ ಎತ್ತಿಯಾಗಿತ್ತು. ತಾಂಬೂಲದ ಚೀಲ ಕೊಟ್ಟು, ಅದೇ ಕಾರಿನಲ್ಲಿ ತಮ್ಮನನ್ನು ಮನೆ ಮುಟ್ಟಿಸಿಯೂ ಆಗಿತ್ತು.

ಮಾರನೆಯ ದಿನ ವರ್ತಕ ತಮ್ಮನ ಮನೆಗೆ ಹೋದ. ತಮ್ಮ ಬಾಗಿಲಲ್ಲೇ ನಿಂತ.

"ಊರಿಗೆ ತೋರಿಸೋಕೆ ನೀನು ಕರೆಸಿದ್ದೆ, ನಾನು ಬಂದಿದ್ದೆ. ಫೋಟೋನೂ ಆಯ್ತಲ್ಲ, ಇನ್ನೇನು?" ಅಂದ. ಬಾಗಿಲು ಹಾಕಿಕೊಂಡ.

ಇಬ್ಬರೂ ಒಂದೇ ಬೀದಿಯಲ್ಲಿ ಮುದುಕರಾದರು. ಮಾತು ಹುಟ್ಟಲಿಲ್ಲ.

ಕೆಲವು ವರ್ಷ ಕಳೆದು ವರ್ತಕನ ಮೊಮ್ಮಗಳ ಮದುವೆ ಬಂತು. ಅವನು ಬೇರೆಯವನಿಗೆ ಕೆಲಸ ಒಪ್ಪಿಸಿದ. ಏರ್ಪಾಡುಗಾರನಿಗೆ ತಡೆಯಲಾಗಲಿಲ್ಲ. ಹೋಗಿ ಕೇಳಿದ: "ನನ್ನಿಂದ ಅವತ್ತು ಏನು ತಪ್ಪಾಯಿತು ಯಜಮಾನ್ರೆ?"

"ಏನೂ ತಪ್ಪಾಗಲಿಲ್ಲಪ್ಪ," ಅಂದ ವರ್ತಕ. "ಒಂದು ಗಳಿಗೆಯೂ ಖಾಲಿ ಹೋಗಲಿಲ್ಲ."

ಪುಟ್ಟಬಸವಯ್ಯನವರು ಅಲ್ಲಿಗೆ ನಿಲ್ಲಿಸಿದರು. ನನಗೆ ಸಮಾಧಾನವಾಗಲಿಲ್ಲ. ಆ ಏರ್ಪಾಡುಗಾರನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಇನ್ನೂ ಚುರುಕಾಗಿ ಮಾಡುತ್ತಿದ್ದೆ, ಅದರಲ್ಲಿ ಅನುಮಾನ ಬೇಡ. ಸಾಲು ನಿಂತರೆ ಅನ್ನ ಆರುತ್ತದೆ, ಅನ್ನ ಆರಿದರೆ ಬೈಸಿಕೊಳ್ಳುವವನು ನಾನು. ಆದರೂ ಆ ಅರ್ಧ ಮಾತು ಕಿವಿಯಲ್ಲಿ ಉಳಿದುಬಿಟ್ಟಿತ್ತು.

"ಅದೆಲ್ಲ ಇರಲಿ ಗುರುಗಳೇ," ಅಂದೆ. "ಆ ತಮ್ಮ ಏನು ಹೇಳಬೇಕು ಅಂತಿದ್ದ?"

"ಅದನ್ನ ಹೇಳೋಕೆ ನಿನ್ನ ಸಭೆಯಲ್ಲಿ ಅವನಿಗೆ ಯಾವ ಹೊತ್ತು ಇಟ್ಟಿದೀಯೋ?" ಅಂದರು.

ನನ್ನ ಕಾರ್ಯಕ್ರಮದ ಪಟ್ಟಿಯಲ್ಲಿ ಅಂಥ ಹೊತ್ತು ಹುಡುಕಿದೆ, ಸಿಗಲಿಲ್ಲ. ಶೆಡ್ಡಿನಲ್ಲಿ ಇಬ್ಬರೂ ಕೂತೇ ಇದ್ದೆವು. ಅವರು ನನ್ನನ್ನು ಏಳು ಅನ್ನಲಿಲ್ಲ.

ದೊಡ್ಡ ಗುಟ್ಟೊಂದು ಸಿಗುತ್ತದೆ ಅಂತ ಹೋದವನು ನಾನು. ಕೊನೆಗೆ ನನ್ನ ಸಭೆಗಳಿಗೆ ಅವರು ಕೊಟ್ಟದ್ದು ಅರ್ಧ ಗಂಟೆ: ಊಟಕ್ಕೆ ಮೊದಲು, ಮೈಕು ಆರಿಸಿ, ಯಾರನ್ನೂ ಎಲ್ಲಿಗೂ ಕರೆಯದೆ, ಬಂದವರನ್ನು ಅವರ ಪಾಡಿಗೆ ಬಿಡುವ ಅರ್ಧ ಗಂಟೆ.