ಮೂರನೆಯ ದಾಳಿ

ತುಂಗಭದ್ರೆಯ ದಡದ ಆ ಆಶ್ರಮದಲ್ಲಿ ಸಂಜೆಯ ಪ್ರಾರ್ಥನೆಗೆ ಮೊದಲು ಕಬಡ್ಡಿ ಕಲಿಸುತ್ತಿದ್ದರು. ಅಲ್ಲಿನ ಗುರುಗಳು ಎದುರಾಳಿಯ ನಡಿಗೆ ನೋಡಿಯೇ ಸೋಲು ಗೆಲುವು ಹೇಳಬಲ್ಲರೆಂದು ಪ್ರತೀತಿ. ಅವರ ತಂಡ ಎರಡು ವರ್ಷಗಳಿಂದ ಸೋಲುತ್ತಲೇ ಇತ್ತೆಂಬುದು ಮಾತ್ರ ನಿಜ.

ಶಿಷ್ಯ ಮೃತ್ಯುಂಜಯನಿಗೆ ಪ್ರತೀತಿಗಳಲ್ಲಿ ನಂಬಿಕೆಯಿರಲಿಲ್ಲ. ಒಂದಾದರೂ ಪಂದ್ಯ ಗೆಲ್ಲಬೇಕೆಂಬ ಹಟದಿಂದ ಅವನು ನಲವತ್ತು ಪಂದ್ಯಗಳ ಒಂದೊಂದು ದಾಳಿಯನ್ನೂ ಬರೆದಿಟ್ಟಿದ್ದ: ಯಾರು ಹೋದರು, ಯಾರನ್ನು ಮುಟ್ಟಿದರು, ಯಾರು ಸಿಕ್ಕಿಬಿದ್ದರು.

ಕೊನೆಗೆ ಕಾರಣ ಕಂಡಿತು. ಎಂಟು ವರ್ಷಗಳಿಂದ ತಂಡದಲ್ಲಿದ್ದ ಹಾಲಪ್ಪ ಹೆಚ್ಚು ದಾಳಿ ಮಾಡಿದಷ್ಟೂ ತಂಡ ಹೆಚ್ಚು ಅಂಕಗಳಿಂದ ಸೋತಿತ್ತು. ಅವನಷ್ಟು ಸಲ ಸಿಕ್ಕಿಬಿದ್ದವರು ಬೇರೊಬ್ಬರಿರಲಿಲ್ಲ.

ಗುರುಗಳು ತಂಡವನ್ನು ಮೃತ್ಯುಂಜಯನಿಗೊಪ್ಪಿಸಿ ಪರಸ್ಥಳಕ್ಕೆ ಹೋಗಿದ್ದರು. ಅವನು ತಾನು ಬರೆದ ಪುಸ್ತಕವನ್ನು ಹಾಲಪ್ಪನ ಕೈಗೇ ಕೊಟ್ಟ.

“ನನ್ನ ಜಾತಕ ಬರೆದೆಯೇನೋ, ಪಂಡಿತ?” ಎಂದು ಹಾಲಪ್ಪ ನಕ್ಕ. ಕೊನೆಯ ಪುಟದವರೆಗೂ ಓದಿದ. ಹಾಸಿಗೆ ಸುತ್ತಿಕೊಂಡು ಹರಿಗೋಲು ಹತ್ತಿದ.

ಮುಂದಿನ ಪಂದ್ಯದಲ್ಲಿ ಎರಡು ದಾಳಿಗಳು ಬರಿದಾದವು. ಮೂರನೆಯದಕ್ಕೆ ಹೋದವನು ಅಂಕ ತರಲೇಬೇಕು, ಇಲ್ಲವೇ ಹೊರಬೀಳಬೇಕು. ಆರು ಮಂದಿಯೂ ಮುಖ ಮುಖ ನೋಡಿಕೊಂಡರು. ಯಾರೂ ಗೆರೆ ದಾಟಲಿಲ್ಲ. ಅಷ್ಟು ಹೀನಾಯವಾಗಿ ಅವರು ಎಂದೂ ಸೋತಿರಲಿಲ್ಲ.

ಗುರುಗಳು ಮರಳಿ ಬಂದು ಪುಸ್ತಕ ತರಿಸಿಕೊಂಡರು.

“ಹಾಲಪ್ಪ ಹೋದದ್ದು ಎಷ್ಟನೆಯ ದಾಳಿಗೆ?”

ಅದನ್ನು ಮೃತ್ಯುಂಜಯ ಎಣಿಸಿರಲಿಲ್ಲ. ಅಲ್ಲೇ ಕುಳಿತು ಎಣಿಸಿದ. ಪುಟದಿಂದ ಪುಟಕ್ಕೆ ಅವನ ಬೆರಳು ನಿಧಾನವಾಯಿತು. ಬಹುತೇಕ ಎಲ್ಲವೂ ಮೂರನೆಯವು. ತಂಡ ಸೋಲತೊಡಗಿದ ಮೇಲೆ, ಉಳಿದವರು ಹಿಂಜರಿದಾಗ, ಹಾಲಪ್ಪ ಹೋಗಿದ್ದ.

“ಅವನಿಂದ ಸೋತದ್ದಲ್ಲ,” ಎಂದ ಮೃತ್ಯುಂಜಯ. “ಈಗಲೇ ಹೋಗಿ ಕರೆತರುತ್ತೇನೆ, ಗುರುಗಳೇ.”

“ಸುದ್ದಿ ಕೇಳಿ, ಬರುವಾಗ ಅವನೂರಿಗೆ ಹೋಗಿದ್ದೆ. ಬರುವುದಿಲ್ಲವಂತೆ. ತಾನು ಕಾಲಿಟ್ಟಲ್ಲೆಲ್ಲ ಸೋಲಂತೆ.”

“ನನ್ನ ಬರಹ ತಪ್ಪೆಂದು ತಾವು ಹೇಳಲಿಲ್ಲವೇ?”

“ಹೇಳಿದೆ.”

“ತಮ್ಮ ಮಾತನ್ನೂ ನಂಬಲಿಲ್ಲವೇ?”

ಗುರುಗಳು ಪುಸ್ತಕ ಮುಚ್ಚಿದರು.

“ಅವನು ಯಾಕೆ ಹೋಗುತ್ತಿದ್ದನೆಂದು ನನಗೆ ಗೊತ್ತಿತ್ತು. ಎಂಟು ವರ್ಷ ನಾನು ಬಾಯಿಬಿಟ್ಟು ಹೇಳಲಿಲ್ಲ. ನೀನು ಬರೆದೇ ಕೊಟ್ಟೆ. ಅವನು ಯಾರನ್ನು ನಂಬಬೇಕು?”