ನೀಲಿ ತೂತಿನ ಕುಂಕುಮ

“ಗುರುಗಳೇ, ಹಳೆಯ ತಲೆಗೆ ಹೊಸ ಅರಿವು ಹತ್ತುತ್ತದೆಯೇ?”

ಕೇಳಿದವನು ಮಠದ ಶಿಷ್ಯರಲ್ಲೆಲ್ಲ ಹಿರಿಯ. ಅರವತ್ತು ದಾಟಿದ ಮೇಲೆ ಬಂದು ಸೇರಿದವನು. ಮೀಸೆ ಮೂಡದ ಹುಡುಗರೆಲ್ಲ ‘ಅದು ಹೇಗೆ, ಇದು ಯಾಕೆ’ ಎಂದು ಗುರುಗಳ ಮಾತನ್ನು ಹಿಡಿದು ಎಳೆದಾಡುತ್ತಿದ್ದರು. ಇವನಿಗೆ ಕೇಳಿದ್ದು ಕಿವಿಯವರೆಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು. ಇನ್ನು ಇಲ್ಲಿದ್ದು ಪ್ರಯೋಜನವಿಲ್ಲವೆಂದು ಬಟ್ಟೆಯ ಗಂಟು ಕಟ್ಟಿಕೊಂಡೇ ಒಳಗೆ ಬಂದಿದ್ದ.

ಗುರುಗಳು ಗಂಟನ್ನು ನೋಡಿದರು.

“ಇನ್ನೂ ಜಾಗ ಇದೆ ಕಣಯ್ಯಾ ಅದರಲ್ಲಿ. ಹೋಗುವವನು ಒಂದು ಕತೆಯನ್ನೂ ತುರುಕಿಕೊಂಡು ಹೋಗು” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಫೋಟೋದವನಿದ್ದ. ಮದುವೆಗಳ ಚಿತ್ರ ತೆಗೆಯುವುದು, ಕಂಪ್ಯೂಟರಿನಲ್ಲಿ ಆಲ್ಬಂ ಜೋಡಿಸುವುದು, ಅದನ್ನು ಇಂಟರ್ನೆಟ್ಟಿನಲ್ಲಿ ದೂರದ ಪಟ್ಟಣದ ಪ್ರೆಸ್ಸಿಗೆ ಕಳಿಸುವುದು ಅವನ ಕೆಲಸ. ಕಂಪ್ಯೂಟರ್ ಹಳೆಯದು. ಒಂದು ಆಲ್ಬಂ ಹೋಗಿ ಮುಟ್ಟಬೇಕಾದರೆ ಅವನು ಊಟ ಮಾಡಿ, ನಿದ್ದೆ ಮಾಡಿ, ಎದ್ದು ಕಾಫಿ ಕುಡಿದರೂ ಮುಗಿಯುತ್ತಿರಲಿಲ್ಲ. ಎದುರಿನ ಹೊಸ ಸ್ಟುಡಿಯೋದವನು ಅದೇ ಕೆಲಸವನ್ನು ಎಲೆ ಅಡಿಕೆ ಜಗಿಯುವಷ್ಟರಲ್ಲಿ ಮುಗಿಸುತ್ತಿದ್ದ.

ಫೋಟೋದವನು ವೇಗದ ಹೊಸ ಲೈನು ಹಾಕಿಸಿದ. ಆಮೆ ಆಮೆಯಾಗಿಯೇ ಉಳಿಯಿತು. ಎಂದಿನಂತೆ ಕಂಪ್ಯೂಟರಿನ ತಲೆಗೆ ಎರಡೇಟು ಹಾಕಿದ. ಅದಕ್ಕೂ ಅದು ಜಗ್ಗಲಿಲ್ಲ.

ಒಂದು ದಿನ ಊರಿನ ದೊಡ್ಡ ಮನೆಯ ಮದುಮಗಳ ಸೋದರಮಾವ ಬಂದು ಬೆಂಚಿನ ಮೇಲೆ ಕಾಲು ಮಡಚಿ ಕೂತ. “ಏನ್ರೀ, ಮೂರು ಗಂಟು ಹಾಕಿ ಮದುವೆ ಮುಗಿಸಿಬಿಟ್ವಿ ನಾವು. ನಿಮ್ಮ ಆಲ್ಬಂ ಬರೋ ಹೊತ್ತಿಗೆ ಹುಡುಗಿಗೆ ಮೊಮ್ಮಕ್ಕಳಾಗ್ತಾರೆ. ಇವತ್ತು ಸಂಜೆ ಒಳಗೆ ಕಳಿಸಿದ್ರೆ ಸರಿ. ಇಲ್ಲಾಂದ್ರೆ ಫೋಟೋ ಎಲ್ಲಾ ಎದುರಿನವರಿಗೆ ಕೊಟ್ಟುಬಿಡಿ” ಎಂದ.

ಆ ಮನೆಯ ಆಲ್ಬಂ ಕೈತಪ್ಪಿದರೆ ಊರಿನಲ್ಲಿ ಇನ್ನು ಯಾರೂ ತನ್ನನ್ನು ಮದುವೆಗೆ ಕರೆಯುವುದಿಲ್ಲ ಎಂದು ಫೋಟೋದವನಿಗೆ ಗೊತ್ತಿತ್ತು. ಲೈನು ಹಾಕಿದವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದ. ಅವನು ಎಲ್ಲವನ್ನೂ ಕೇಳಿಸಿಕೊಂಡು ಹೇಳಿದ: “ಅಣ್ಣಾ, ಲೈನೂ ಸರಿ ಇದೆ, ಕಂಪ್ಯೂಟರೂ ಗಟ್ಟಿ ಇದೆ. ವೈರು ಸಿಕ್ಕಿಸಿದೀರಲ್ಲ, ಆ ಸಾಕೆಟ್ ಅಜ್ಜನ ಕಾಲದ್ದು. ಊರಗಲ ಸಂತೆಗೆ ಕೋಳಿಗೂಡಿನ ಬಾಗಿಲಿಟ್ಟ ಹಾಗಾಗಿದೆ. ಒಂದು ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್ ತಂದು ಹಾಕಿ.”

ಫೋಟೋದವನು ಓಡಿಹೋಗಿ ತಂದ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಒಂದು ತುದಿಯನ್ನು ಕಂಪ್ಯೂಟರಿಗೆ ಚುಚ್ಚಬೇಕು, ಇನ್ನೊಂದು ತುದಿಗೆ ಇಂಟರ್ನೆಟ್ಟಿನ ವೈರು ಸಿಕ್ಕಿಸಬೇಕು. ಕಂಪ್ಯೂಟರಿನ ಮುಂದಿದ್ದ ತೂತಿಗೆ ಚುಚ್ಚಿದ. ಗಿರಾಕಿಗಳ ಪೆನ್‌ಡ್ರೈವು ಚುಚ್ಚಿ ಕಿತ್ತು ಅದು ಸಡಿಲವಾಗಿ ಹೋಗಿತ್ತು. ಬೀದಿಯಲ್ಲಿ ಯಾರಾದರೂ ಸೀನಿದರೂ ಸಂಪರ್ಕ ತಪ್ಪುತ್ತಿತ್ತು. ಹಿಂದಿನ ತೂತುಗಳಲ್ಲಿ ಕೀಬೋರ್ಡು, ಮೌಸು, ಫೋಟೋಗಳೆಲ್ಲ ಇದ್ದ ಹಾರ್ಡ್‌ಡಿಸ್ಕು ಕೂತಿದ್ದವು; ಯಾವುದನ್ನೂ ಕೀಳುವಂತಿರಲಿಲ್ಲ. ಅವನು ತಲೆಯ ಮೇಲೆ ಕೈ ಹೊತ್ತು ಕೂತ.

ಬುತ್ತಿ ತಂದ ಹೆಂಡತಿ ಬಗ್ಗಿ ನೋಡಿದಳು. “ಹಿಂದೆ ಇನ್ನೊಂದು ಇದೆಯಲ್ರೀ, ನೀಲಿದು.”

ಇತ್ತು. ಆದರೆ ಅವನು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಉಳಿದ ತೂತುಗಳೆಲ್ಲ ಕಪ್ಪು, ಇದೊಂದೇ ನೀಲಿ. ಅದು ವೇಗದ ತೂತಿನ ಗುರುತು ಎಂದು ಅವನಿಗೆ ಗೊತ್ತಿರಲಿಲ್ಲ. ಏನೋ ವಿಶೇಷ ಇರಬೇಕೆಂದು, ಕಂಪ್ಯೂಟರ್ ತಂದ ವರ್ಷದಿಂದಲೂ ಪ್ರತಿ ಆಯುಧಪೂಜೆಗೆ ಅಲ್ಲಿಗೇ ಗಂಧ ಹಚ್ಚಿ, ಕುಂಕುಮವಿಟ್ಟು, ಹೂವು ಸಿಕ್ಕಿಸುತ್ತಿದ್ದ. ಯಾರ ಪೆನ್‌ಡ್ರೈವನ್ನೂ ಅದರ ಹತ್ತಿರಕ್ಕೆ ಬಿಟ್ಟಿರಲಿಲ್ಲ. ಗಂಧ ಒಣಗಿ, ಕುಂಕುಮ ಗಟ್ಟಿಯಾಗಿ, ಅದರ ಮೇಲೆ ಮತ್ತೆ ಗಂಧ ಕೂತು ತೂತು ಮುಚ್ಚಿಹೋಗಿತ್ತು.

“ಅದು ಅದರ ಹಣೆ ಇದ್ದ ಹಾಗೆ ಕಣೇ. ಹಬ್ಬ ಹಬ್ಬಕ್ಕೂ ಬೊಟ್ಟಿಟ್ಟ ಜಾಗ. ಈಗ ಕುಂಕುಮ ಕೆರೆದು ತೆಗೀಲಾ? ಒಳ್ಳೇದಾಗುತ್ತಾ?”

“ಹಣೆ ಅಲ್ಲ ರೀ, ಅದು ಬಾಯಿ” ಎಂದಳು ಹೆಂಡತಿ. “ಇಷ್ಟು ವರ್ಷ ಬಾಯಿಗೆ ಗಂಧ ಮೆತ್ತಿ, ಊಟ ಸೇರ್ತಾ ಇಲ್ಲ ಅಂತ ತಲೆಗೆ ಹೊಡೀತಿದ್ದೀರಿ.”

ಫೋಟೋದವನು ಕಂಪ್ಯೂಟರಿನ ಬೆನ್ನನ್ನು ತನ್ನತ್ತ ತಿರುಗಿಸಿಕೊಂಡ. ಕರೆಂಟು ಆರಿಸಿದ. ಒಂದು ಸಲ ಕೈ ಮುಗಿದ. ಬೆಂಕಿಕಡ್ಡಿಯ ತುದಿಯಿಂದ ಮೆಲ್ಲನೆ ಕೆರೆದ. ಕೆಂಪು ಪುಡಿ ಮೇಜಿನ ಮೇಲೆ ಉದುರಿತು. ಒಳಗೆ ಲೋಹ ಹೊಸದರಂತೆ ಹೊಳೆಯುತ್ತಿತ್ತು. ಅಂಗಡಿಗೆ ಬಂದಾಗಿನಿಂದ ಅದಕ್ಕೆ ಯಾರೂ ಏನನ್ನೂ ಚುಚ್ಚಿರಲಿಲ್ಲ. ಅಡಾಪ್ಟರ್ ಚುಚ್ಚಿದ. ಅದು ಗಟ್ಟಿಯಾಗಿ ಕೂತಿತು. ವೈರು ಸಿಕ್ಕಿಸಿ, ಕರೆಂಟು ಹಾಕಿ, ಆಲ್ಬಂ ಕಳಿಸಲು ಒತ್ತಿದ.

ಹೆಂಡತಿ ಬುತ್ತಿ ಬಿಚ್ಚಿ ಬಡಿಸುವಷ್ಟರಲ್ಲಿ ಆಲ್ಬಂ ಪ್ರೆಸ್ಸು ಸೇರಿತ್ತು. ಸೋದರಮಾವ ಬೆಂಚಿನಿಂದ ಎದ್ದು ಪಂಚೆ ಕೊಡವಿಕೊಂಡು, “ನಮ್ಮ ಎರಡನೇ ಹುಡುಗಿ ಮದುವೆಗೂ ನೀವೇ ಬನ್ನಿ” ಎಂದು ಹೇಳಿ ಹೋದ. ಫೋಟೋದವನಿಗೆ ಅದು ಕೇಳಿಸಲಿಲ್ಲ. ಅವನು ಆ ಹಳೆಯ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಇಷ್ಟು ವರ್ಷ ಅದಕ್ಕೆ ಬಿದ್ದ ಏಟುಗಳೆಲ್ಲ ಅವನ ನೆನಪಿಗೆ ಬರುತ್ತಿದ್ದವು.

ಗುರುಗಳು ಕತೆ ನಿಲ್ಲಿಸಿದರು.

ಹಿರಿಯ ಶಿಷ್ಯನ ಕಣ್ಣು ತುಂಬಿತ್ತು. ತಪ್ಪು ತನ್ನ ತಲೆಯದಲ್ಲ, ವಯಸ್ಸಿನದೂ ಅಲ್ಲ ಎಂಬುದೇ ಅವನಿಗೆ ದೊಡ್ಡ ಸಮಾಧಾನವಾಗಿತ್ತು. ಅವನು ಎದ್ದು, ಎಂದಿನಂತೆ ಗುರುಗಳ ಪಾದಕ್ಕೆ ಹಣೆ ಹಚ್ಚಿ, ಕೈ ಮುಗಿದು ನಿಂತ.

“ಅರ್ಥವಾಯಿತು ಗುರುಗಳೇ. ನೀವು ಹೇಳಿದ ಮೇಲೆ ಇನ್ನು ಮಾತೇ ಇಲ್ಲ.”

ಗುರುಗಳು ಅವನ ಮುಗಿದ ಕೈಗಳನ್ನು ಹಿಡಿದು ಬಿಡಿಸಿದರು.

“ಅರ್ಥವಾಗಿದ್ದರೆ ನೀನು ಕೈ ಮುಗಿಯುತ್ತಿರಲಿಲ್ಲ ಕಣಯ್ಯಾ, ‘ಅದು ಹೇಗೆ?’ ಎಂದು ನನ್ನ ಮೇಲೆ ಜಗಳಕ್ಕೆ ಬರುತ್ತಿದ್ದೆ.”